ಕುತ್ತಿಗೆಯವರೆಗಿನ ಮಂದಿ

ನಮ್ಮ ಅಕ್ಕನ ಮಗ ಬರೆದ ಚಿತ್ರಗಳಲ್ಲಿ ನೂರಾರು ಜನರಿದ್ದಾರೆ. ಒಬ್ಬರಿಗೂ ತಲೆಯಿಲ್ಲ! ಬರೆದವನಿಗಾದರೂ ಇದೆಯೇ ಎಂಬ ಅನುಮಾನ ಮನೆಯಲ್ಲಿ ಬಹಳ ದಿನಗಳಿಂದ ಇದೆ. ಧಾರವಾಡದಲ್ಲಿ ಚಿತ್ರಕಲೆ ಕಲಿತು ಬಂದು, ಹಾನಗಲ್ಲಿನ ನನ್ನ ಮನೆಯ ಪಡಸಾಲೆಯಲ್ಲಿ ಬಣ್ಣದ ಡಬ್ಬಿ ಹರಡಿಕೊಂಡು ಕುಳಿತು ನಾಲ್ಕು ವರ್ಷವಾಯಿತು. ಇನ್ನೂ ಒಂದು ಮೂಗು ಬರೆದಿಲ್ಲ. ನಾನು ಹೋಗುವುದರೊಳಗೆ ಇವನ ಕೈಯಿಂದ ಒಂದು ಪೂರ್ತಿ ಮುಖ ನೋಡಬೇಕೆಂಬುದು ನನ್ನ ಹಠ. ಹೋಗುವುದು ಅಂದರೆ ಬಸ್ಸಿನಲ್ಲಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಕಾರಣ ಸರಳ. ಮಹಾರಾಯ ಮನುಷ್ಯರನ್ನು ಕಾಲಿನಿಂದ ಶುರು ಮಾಡುತ್ತಾನೆ. ಅದೂ ಎಂಥವರನ್ನು? ಬಸ್ಸಿಗೆ, ರೈಲಿಗೆ ಕಾಯುತ್ತ ಕುಳಿತವರನ್ನು! ಉಗುರು, ಹಿಮ್ಮಡಿಯ ಬಿರುಕು, ಕಾಲುಂಗುರ, ಕಿತ್ತುಹೋದ ಚಪ್ಪಲಿ, ಎಲ್ಲ ಮುಗಿಸಿ ಕುತ್ತಿಗೆಗೆ ಬರುವಷ್ಟರಲ್ಲಿ ಗಾಡಿ ಬಂದುಬಿಡುತ್ತದೆ.

ನಾನು ಜಂಪರು ಹೊಲಿಯುವವಳು. ನನ್ನ ಟೇಪು ಭುಜದಿಂದ ಕೆಳಗಿಳಿಯುತ್ತದೆ. "ನನ್ನಂಗ ಮ್ಯಾಲಿಂದ ಶುರು ಮಾಡೋ" ಎಂದರೆ, "ಮುಖ ನೋಡಿದ್ರ ಅವರೂ ನನ್ನ ನೋಡ್ತಾರ ಚಿಗವ್ವ. ಆಮ್ಯಾಲೆ ಕೈ ಓಡಂಗಿಲ್ಲ" ಎಂದು ನೆಲ ನೋಡುತ್ತಾನೆ. ಇಷ್ಟು ನಾಚಿಕೆಯಿದ್ದವನು ಬದನೆಕಾಯಿ, ಬಾಳೆಹಣ್ಣು ಬರೆದುಕೊಂಡು ಸುಖವಾಗಿರಬಾರದೇ?

ಯಲವಿಗಿ ಸ್ಟೇಷನ್ನಿನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಸಿಕ್ಕಿತು. ಹುಡುಗಿಯ ಕಾಲಿನ ಮದರಂಗಿಯನ್ನು ಎಳೆ ಎಳೆಯಾಗಿ ಬರೆದ. ಗಾಡಿ ಬಂದು ಇಬ್ಬರ ತಲೆಯನ್ನೂ ಹರಿಹರದ ಕಡೆಗೆ ಒಯ್ದಿತು. ಇವನು ಹತ್ತಬೇಕಿದ್ದ ಗಾಡಿಯೂ ಅದೇ ಆಗಿತ್ತು!

ಹೊರಡದೆ ಕೂರುವವರನ್ನು ಬರೆ ಎಂದು ನಾನೇ ಸವಣೂರಿಗೆ ಕಳಿಸಿದೆ. ಅಲ್ಲಿ ವೀಳ್ಯದೆಲೆ ಮಾರುವ ಅಜ್ಜಿ ದಿನವಿಡೀ ಜಾಗ ಬಿಟ್ಟು ಏಳುವುದಿಲ್ಲ. ಇವನೋ, ಕಾಲು ಮುಗಿಸಿ, ಬುಟ್ಟಿಯಲ್ಲಿದ್ದ ಒಂದೊಂದು ಎಲೆಗೂ ನರ ಬಿಡಿಸುತ್ತ ಕುಳಿತ. ಕುತ್ತಿಗೆಗೆ ಬಂದಾಗ ಅಜ್ಜಿ ಬುಟ್ಟಿ ಕೊಡವಿ ಎದ್ದಳು. "ತಮ್ಮಾ, ಎಲಿ ತೀರಿದ್ವು. ಇನ್ನ ಯಾಕ ಕುಂಡರ್ಲೆಪಾ?"

ಶಿಗ್ಗಾಂವಿಗೆ ಕನ್ಯಾ ನೋಡಲು ಕರೆದುಕೊಂಡು ಹೋದೆವು. ಬಂಗಾರದಂಥ ಹುಡುಗಿ, ಅವಲಕ್ಕಿ ತಂದುಕೊಟ್ಟು ಎದುರಿಗೇ ಕುಳಿತಳು. ಅವಳಪ್ಪ ಸಂಕೋಚದಿಂದ, "ಹುಡುಗಿ ಮನಸಿಗೆ ಬಂದ್ಲೇನ್ರಿ?" ಎಂದರು. ನಮ್ಮವನು ಬಹಳ ವಿಚಾರ ಮಾಡಿ, "ಎಡಗಾಲಿನ ಕಿರುಬೆರಳು ಭಾಳ ಚೊಲೊ ಐತ್ರಿ" ಎಂದ. ಆಮೇಲೆ ಚಹಾ ಬರಲಿಲ್ಲ.

ಹುಬ್ಬಳ್ಳಿಯಲ್ಲೊಮ್ಮೆ ಪ್ರದರ್ಶನ ಆಯಿತು. ಜುಬ್ಬಾ ತೊಟ್ಟ ವಿದ್ವಾಂಸರೊಬ್ಬರು, ಹಾನಗಲ್ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ತಲೆಯಿಲ್ಲದೆ ಕುಳಿತ ರೈತನ ಮುಂದೆ ಕಣ್ಣು ಒರೆಸಿಕೊಂಡರು. "ಗುರುತನ್ನೇ ಕಳೆದುಕೊಂಡ ಮನುಷ್ಯ! ಇದರ ಪ್ರೇರಣೆ ಏನು?" ಎಂದು ಕೇಳಿದರು. "ಹಂಗೇನಿಲ್ರಿ, ಹಿರೇಕೆರೂರು ಬಸ್ ಬಂತ್ರಿ" ಎಂದ! ಒಂದು ಚಿತ್ರವೂ ಮಾರಾಟವಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವನು ನನ್ನ ಕಡೆಗೂ ನೋಡದೆ ಅತ್ತ. ಅವತ್ತೇ ನಾನು ಅವನ ಮೇಲಿನ ಆಸೆ ಬಿಟ್ಟೆ ಅಂದುಕೊಂಡೆ.

ಈ ವರ್ಷ ನನ್ನ ಹೊಟ್ಟೆಯೊಳಗೆ ಗಂಟು ಸಿಕ್ಕಿತು. ಡಾಕ್ಟರು ರಿಪೋರ್ಟು ನೋಡಿದರು, ಫ್ಯಾನು ನೋಡಿದರು. ನನ್ನ ಮುಖ ಮಾತ್ರ ನೋಡಲಿಲ್ಲ. ಇವನೊಂದಿಗೆ ನಾಲ್ಕು ವರ್ಷ ಬಾಳಿದವಳಿಗೆ ಅದರ ಅರ್ಥ ತಿಳಿಯದೇ? "ದೀಪಾವಳಿ ತನಕ ಏನೂ ಚಿಂತಿ ಇಲ್ರಿ" ಎಂದರು. ದೀಪಾವಳಿಯ ಆಚೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದು ಮಶೀನಿಗೆ ಹೊದಿಕೆ ಹಾಕಿದೆ. ತಮಾಷೆ ಮಾಡುತ್ತಿದ್ದೇನೆ, ನಿಜ. ಆದರೆ ಬೆಳಗಾಗೆದ್ದರೆ ಭಯವಾಗುತ್ತದೆ.

ಒಂದು ದಿನ ಅವನು ಹಲಗೆ ಹಿಡಿದು ನನ್ನ ಹಾಸಿಗೆಯ ಎದುರು ಬಂದು ಕುಳಿತ. ನನಗೆ ಅವನ ರೀತಿ ಗೊತ್ತಲ್ಲ, ಕೌದಿ ಸರಿಸಿ ಎರಡೂ ಕಾಲು ಚಾಚಿದೆ. "ತಗೋ, ಶುರು ಮಾಡು. ಲಗೂ ಲಗೂ ಬರಿ, ನನ್ನ ಗಾಡಿನೂ ಬರಾಕತ್ತೈತಿ."

ಅವನು ಕಾಲಿನ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದ. ಎಂಟು ದಿನ, ದಿನವೂ ನೋಡಿದ. ಆದರೂ ಕೈ ಓಡಿತು. ಕೆನ್ನೆಯ ಮೇಲಿನ ಮಚ್ಚೆ ಬಂತು, ಬೋಳು ಹಣೆ ಬಂತು. ನಾನು ಹೊಲಿಗೆ ಬಿಟ್ಟು ಎಷ್ಟೋ ತಿಂಗಳಾಗಿದ್ದರೂ ತುಟಿಯ ನಡುವೆ ಕಚ್ಚಿಕೊಂಡ ಎರಡು ಗುಂಡುಸೂಜಿ ಬಂದವು. ಆಮೇಲೆ ಭುಜ, ಮಡಿಲು, ಮೊಣಕಾಲು. ಅಷ್ಟಕ್ಕೆ ನಿಲ್ಲಿಸಿ ಕುಂಚ ತೊಳೆಯತೊಡಗಿದ.

"ಮುಖ ಆತು. ಕಾಲು ಎಲ್ಲೆವೋ?" ಎಂದೆ.

"ಕಾಲು ಬರದ್ರ ನೀ ಎದ್ದು ಹೊಂಟಬಿಡ್ತಿ, ಚಿಗವ್ವ" ಎಂದ, ನನ್ನನ್ನೇ ನೋಡುತ್ತ.

ನಾನು ಎರಡೂ ಕಾಲು ಮಡಚಿ ಕೌದಿಯೊಳಗೆ ಎಳೆದುಕೊಂಡೆ.