ಹದಿನೇಳನೇ ನಂಬರಿನ ಹಾಜರಿ

ನಮ್ಮ ಭಾವನನ್ನು ಮೇಷ್ಟ್ರು ಎನ್ನುವುದೋ ಡ್ರೈವರ್ ಎನ್ನುವುದೋ, ಕಟ್ಟಿಕೊಂಡ ನಮ್ಮಕ್ಕನಿಗೇ ಇನ್ನೂ ತೀರ್ಮಾನವಾಗಿಲ್ಲ. ಇಂದಿರಾನಗರದ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಈ ಮಹಾಶಯರು, ಕೆ.ಆರ್. ಪುರದಿಂದ ತಮ್ಮದೇ ವಿದ್ಯಾರ್ಥಿಗಳನ್ನು ತಮ್ಮದೇ ಹಳೆಯ ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಎಂಟು ಜನರ ವ್ಯಾನಿಗೆ ಹದಿನೆಂಟು ಮಕ್ಕಳು! ದಾರಿಯುದ್ದಕ್ಕೂ ಮಗ್ಗಿ, ಇಳಿದ ಮೇಲೆ ನಂಬರ್ ಕೂಗಿ ಹಾಜರಿ. ಬೇರೆ ಆಟೋದಲ್ಲಿ ಬರುವ ಮಕ್ಕಳಿಗೆ ತರಗತಿಯಲ್ಲಿ ಹಿಂದಿನ ಬೆಂಚು.

ಪೆಟ್ರೋಲ್ ದುಬಾರಿಯೆಂದು ವ್ಯಾನಿಗೆ ಅಡುಗೆಮನೆಯ ಸಿಲಿಂಡರ್ ಹಾಕಿಸಿದ್ದರು. ಅಕ್ಕ ಸೀಮೆಎಣ್ಣೆ ಸ್ಟೌ ಮುಂದೆ ಕೆಮ್ಮುತ್ತಿದ್ದಳು.

"ಡೇಂಜರ್ ಅಲ್ವಾ ಭಾವ?" ಎಂದೆ.

"ಸೈನ್ಸ್ ಮೇಷ್ಟ್ರು ಯಾರು, ನೀನಾ ನಾನಾ?"

ದಹನಕ್ರಿಯೆಯ ಪಾಠದಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ. ಪಾಠದಲ್ಲಿ ಮಾತ್ರ.

ಆಫೀಸಿಗೆ ಹೋಗಲು ಬಿಟ್ಟಿ ಸವಾರಿ ಎಂದು ನಾನೂ ಮುಂದಿನ ಸೀಟಿನಲ್ಲಿರುತ್ತಿದ್ದೆ. ಅಂದು ರೈಲು ದಾಟಿ ಬೈಯಪ್ಪನಹಳ್ಳಿ ರೈಲ್ವೆ ಗೇಟು ಎದ್ದಿತು. ಆರಿಸಿದ್ದ ವ್ಯಾನ್ ಹೊರಡಿಸಲು ಭಾವ ಕೀಲಿಗೆ ಕೈ ಹಾಕಿದರು.

"ಸಾರ್, ಗ್ಯಾಸ್ ವಾಸ್ನೆ," ಎಂದಿತು ಹಿಂದಿನಿಂದ ಒಂದು ದನಿ.

"ಡೌಟೆಲ್ಲ ಕ್ಲಾಸಲ್ಲಿ ಕೇಳಮ್ಮ," ಎಂದು ಕೀಲಿ ತಿರುಗಿಸಿದರು.

ಭುಸ್ಸೆಂದಿತು. ಹಿಂದಿನ ಸೀಟಿನ ಕೆಳಗೆ ನೀಲಿ ಬೆಂಕಿ. ಬಾಗಿಲು ತೆರೆದು ಮೊದಲು ಓಡಿದ ವೀರ ನಾನೇ. ಭಾವ ಮಕ್ಕಳನ್ನು ಒಬ್ಬೊಬ್ಬರಾಗಿ ಎಳೆದು ಹಾಕಿ, ರಸ್ತೆಯಾಚೆ ಸಾಲಾಗಿ ನಿಲ್ಲಿಸಿದರು. ಆಮೇಲೆ ಏನು ಮಾಡಿದರು ಗೊತ್ತೇ? ಹಾಜರಿ ಕೂಗಿದರು!

"ಹದಿನಾರು?"

"ಪ್ರೆಸೆಂಟ್ ಸಾರ್."

"ಹದಿನೇಳು?"

ಉತ್ತರವಿಲ್ಲ. ಭಾವ ತಿರುಗಿ ಬೆಂಕಿಯತ್ತ ಓಡಿದರು.

ಹದಿನೇಳನೇ ಹುಡುಗಿಯ ತಾಯಿ ಬೆಳಿಗ್ಗೆ ನಮ್ಮ ಮನೆ ಗೇಟಿನಲ್ಲಿ ನನಗೆ ಹೇಳಿದ್ದರು: "ಅವಳಿಗೆ ಜ್ವರ, ಇವತ್ತು ಬರಲ್ಲ, ಸರ್‌ಗೆ ಹೇಳ್ಬಿಡಿ." ಡಿಗ್ರಿ ಮಾಡಿದ ನಾನು ಇವರ ವ್ಯಾನಿಗೆ ಕ್ಲೀನರೇ ಎಂಬ ಜಂಬದಲ್ಲಿ ಹೇಳಿರಲಿಲ್ಲ. ಈಗ ಕೂಗೋಣವೆನ್ನುವಷ್ಟರಲ್ಲಿ ಅವರು ವ್ಯಾನಿನೊಳಗೆ ನುಗ್ಗಿಯಾಗಿತ್ತು. ಇಂದಿಗೂ ಯಾರಾದರೂ ಒಲೆ ಹಚ್ಚಿದರೆ ಹೊಗೆಯೊಳಗೆ ಹೋಗುವ ಆ ಬೆನ್ನೇ ಕಾಣುತ್ತದೆ.

ರೈಲ್ವೆ ಗೇಟಿನವರು ಮರಳು ಎರಚಿ, ಭಾವನನ್ನು ಹೊರಗೆಳೆದರು. ಮೀಸೆ ಅರ್ಧ ಸುಟ್ಟಿತ್ತು. ಅಂಗೈಗಳತ್ತ ನೋಡಲಾಗುತ್ತಿರಲಿಲ್ಲ.

"ಸೀಟಿನ್ ಕೆಳಗೂ ನೋಡ್ದೆ ಕಣೋ, ಸಿಗ್ಲಿಲ್ಲ..."

"ಭಾವ, ಅವಳು ಬಂದೇ ಇಲ್ಲ. ಅವರಮ್ಮ ಹೇಳಿದ್ರು. ನಾನೇ ನಿಮಗೆ ಹೇಳ್ಲಿಲ್ಲ."

ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ರಸ್ತೆಯ ಮೇಲೆಯೇ ಕುಸಿದು ಕೂತರು.

"ಮನೇಲೇ ಇದ್ದಾಳಾ?"

"ಇದ್ದಾಳೆ."

ಎದೆಯ ಜೇಬಿನತ್ತ ಗದ್ದದಿಂದಲೇ ತೋರಿಸಿದರು. ಅಲ್ಲಿ ಹಾಜರಿ ಪುಸ್ತಕವಿತ್ತು.

"ಆಬ್ಸೆಂಟ್ ಹಾಕಪ್ಪ. ನನ್ನ ಕೈಲಿ ಪೆನ್ ಹಿಡಿಯಕ್ಕಾಗಲ್ಲ."