ಆನಿ ಚಿತ್ರದ ಜಬ್ಲಾ

ನಾ ಇಸ್ತ್ರಿಪೆಟ್ಟಿಗಿ ಕೈಯಾಗ ಹಿಡದ್ನಂದ್ರ ನಮ್ಮನ್ಯಾಗ ಏನರ ಒಂದು ಆಗೂದ. ಸಂಭಾಜಿನಗರದಾಗ ಮಗಳಿಗೆ ಎರಡನೇ ಕೂಸು ಹುಟ್ಟಿತ್ತು. ತೊಟ್ಟಿಲಕ್ಕ ಹಾಕೋ ದಿನ ನಾ ಕೈಯಾರೆ ಚಿತ್ರ ಅಂಟಿಸಿದ ಜಬ್ಲಾನ ಕೂಸಿನ ಮೈಮ್ಯಾಲೆ ಇರಬೇಕು ಅಂತ ನನ್ನ ಹಟ. ಅಂಗಡ್ಯಾಗ ರೆಡಿಮೇಡ್ ಸಿಗತಾವಲ್ಲಬೇ ಅಂದ್ಲು ಮಗಳು. ಹಟ ಇನ್ನೂ ಜಾಸ್ತಿ ಆತು. ನಾವಿರೋ ನಾಸಿಕದ ಪ್ಯಾಟ್ಯಾಗ, ಇಸ್ತ್ರಿ ಮಾಡಿದ್ರ ಬಟ್ಟಿಗೆ ಅಂಟೂ ಚಿತ್ರದ ಹಾಳಿ ತಂದೆ.

ಬಾತುಕೋಳಿ

ಮೊದಲು ಹಳೇ ಬಟ್ಟಿಮ್ಯಾಲೆ ಬಾತುಕೋಳಿ ಅಂಟಿಸಿ ನೋಡಿದೆ. ಇಸ್ತ್ರಿ ಎತ್ತಿದ್ರ ಬಟ್ಟಿನೂ ಖಾಲಿ, ಹಾಳಿನೂ ಖಾಲಿ. ಟೇಬಲ್ ಕೆಳಗೂ ಹುಡುಕಿದೆ. ಹಾಳಿ ಉಲ್ಟಾ ಇಟ್ಟಿದ್ದೆ, ಚಿತ್ರ ಇಸ್ತ್ರಿಪೆಟ್ಟಿಗಿಗೇ ಹತ್ತಿತ್ತು ಅನ್ನೂದು ಯಾವಾಗ ಗೊತ್ತಾತಂದ್ರ, ಅದ ಪೆಟ್ಟಿಗಿಲೆ ಯಜಮಾನ್ರ ಪ್ಯಾಂಟ್ ಇಸ್ತ್ರಿ ಮಾಡಿ ಕೊಟ್ಟಮ್ಯಾಲೆ. ಅವರು ಓಝರ್ ಹತ್ರ ವಿಮಾನದ ಫ್ಯಾಕ್ಟ್ರ್ಯಾಗ ಟೆಕ್ನಿಶಿಯನ್. ಸಂಜಿಗೆ, ಪ್ಯಾಂಟಿನ ಹಿಂದ ಕುಂತ ಬಾತುಕೋಳಿಗೆ ಟಿಫಿನ್ ಚೀಲ ಅಡ್ಡ ಹಿಡಕೊಂಡ ಮನಿಗೆ ಬಂದ್ರು. ನಾವು ಇಲ್ಲಿ ಹಾರೋವು ಮಾಡತೀವಿ, ನೀ ಈಜೂದು ತಂದಿ ಅಂತ ಜೋಡಿ ಕೆಲಸದವರು ದಿನಾಪೂರ್ತಿ ನಕ್ಕಿದ್ರಂತ.

ಟೆಕ್ನಿಶಿಯನ್ ಕೈಗುಣ

ಮರುದಿನ ಯಜಮಾನ್ರು ತಾವೇ ಚಾಳೀಸು ಹಾಕ್ಕೊಂಡು ಇಸ್ತ್ರಿಗೆ ಕುಂತ್ರು. ಕಾವು ಎಷ್ಟಿರಬೇಕು, ಒತ್ತೂದು ಹೆಂಗ ಅಂತ ನನಗ ಪಾಠ ಬ್ಯಾರೆ. ಹೊಸ ಜಬ್ಲಾ ಹಾಸಿ, ಮೈಭಾರ ಎಲ್ಲಾ ಹಾಕಿ ಒತ್ತಿದ್ರು. ಆನಿ ಭಾಳ ಚಂದ ಬಂತು. ಆದ್ರ ಒಳಗ ಒಂದು ಹಾಳಿ ಇಡೂದು ಮರತಿದ್ರು. ಬಟ್ಟಿ ತೆಳ್ಳಗಿತ್ತು, ಮುಂದಿನ ಪದರು ಹಿಂದಿಂದಕ್ಕ ಅಂಟಿ, ಕೂಸಿಗೆ ಒಳಗ ಹೋಗಾಕ ಜಾಗಾನ ಇಲ್ಲ. ನಾ ಸಿಟ್ಟಿಲೆ ನೋಡಿದ್ರ, ಅವರು ಎರಡೂ ಕೈಲೆ ಜಗ್ಗಿ ನೋಡಿ, "ಜೋಡಣಿ ಮಾತ್ರ ಪಕ್ಕಾ ಆಗೇತಿ" ಅಂದ್ರು.

ತೊಟ್ಟಿಲು

ಇನ್ನೊಂದು ಜಬ್ಲಾಕ್ಕ ನಾನ ಒಬ್ಬಾಕಿ ಕುಂತು ದೊಡ್ಡ ಆನಿ ಅಂಟಿಸಿಕೊಂಡು ಯಜಮಾನ್ರ ಜೋಡಿ ಸಂಭಾಜಿನಗರಕ್ಕ ಹೋದೆ. ತೊಡಿಸಿದ್ರ ಕೂಸು ಕಿಟಾರನೆ ಕಿರಚಿತು. ತಗದ್ರ ಸುಮ್ಮನಾತು. ಮತ್ತ ತೊಡಿಸಿದ್ರ ಮತ್ತ ಶುರು. ಆನಿ ಹಪ್ಪಳದಂಗ ಗಟ್ಟಿಯಾಗಿ ಹೊಟ್ಟಿಗೆ ಚುಚ್ಚತಿತ್ತು. ಮಗಳು ಅಂಗಡಿ ಜಬ್ಲಾ ತಗದ್ಲು. ನನಗ ಅಳೂನ ಬಂತು.

ನಮ್ಮ ಬೀಗತಿ ನನ್ನ ಮುಖ ನೋಡಿದ್ರು. ನಮ್ಮಲ್ಲಿ ಕೂಸಿಗಿಂತ ಮೊದಲು ಚಟ್ನಿ ಅರಿಯೋ ಗುಂಡಕಲ್ಲಿಗೆ ಬಟ್ಟಿ ತೊಡಿಸಿ ತೊಟ್ಟಿಲದಾಗ ಹಾಕತಾರ. ಬೀಗತಿ ನನ್ನ ಜಬ್ಲಾ ಕಲ್ಲಿಗೆ ತೊಡಿಸಿ, ತಲಿಗೆ ಕುಂಚಿಗಿ ಹಾಕಿ ಹಣಿತನಕ ಎಳದು, ಕಾಡಿಗಿಲೆ ಕಣ್ಣು ಬರದ್ರು.

"ನೋಡ್ರಿ ಬೀಗರ, ಎಲ್ಲಾರಕಿಂತ ಮೊದಲು ನಿಮ್ಮ ಜಬ್ಲಾನ ತೊಟ್ಟಿಲ ಏರಿತು" ಅಂದ್ರು.

ಕಲ್ಲು ಒಂಚೂರೂ ಅಳಲಿಲ್ಲ. ಖುಷಿಲೆ ಗಡಿಬಿಡ್ಯಾಗ ತಗದ ಫೋಟೊ ಒಂಚೂರು ಮಸುಕು ಬಂತು. ಬರೇ "ನಾ ಮಾಡಿದ ಜಬ್ಲಾ" ಅಂತ ಬರದು ತವರಮನಿ ಗ್ರೂಪಿಗೆ ಹಾಕಿಬಿಟ್ಟೆ. ಜಬ್ಲಾದ ಸುದ್ದಿ ಒಬ್ಬರೂ ಎತ್ತಲಿಲ್ಲ. ಎಷ್ಟು ಶಾಂತ ಕೂಸು ಅಂದ್ರು ಕಾಕಾ. ದೃಷ್ಟಿ ತಗೀರಿ ಅಂದ್ಲು ತಂಗಿ. ನಮ್ಮ ಅತ್ತಿಗಿ ಅಂತೂ, ಭಾಳ ಲಕ್ಷಣ ಐತಿ, ಥೇಟ್ ಅಜ್ಜನ ಮುಖ ಅಂತ ಬರದಿದ್ರು.

ಅಜ್ಜ ಅಂದ್ರ ನಮ್ಮ ಯಜಮಾನ್ರು. ಅದು ಕಲ್ಲು ಅಂತ ತಿಳಿಸಾಕ ನಾ ಟೈಪ್ ಮಾಡಾಕ ಹತ್ತಿದ್ರ ಅವರು ಮೊಬೈಲ್ ಕಸಗೊಂಡ್ರು.

"ಇರಲಿ ಬಿಡು. ನಿಮ್ಮ ತವರಮನಿಯವರು ನನ್ನ ಮುಖ ಹೊಗಳಿದ್ದು ಇದ ಮೊದಲ ಸಲ."