ಒಳಗಿನದು ನಿಲ್ಲುವವರೆಗೂ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಹಿಂದೆ ಎರಡು ಸಲ ಬೋಳಿಸಿದ್ದಾರೆ, ಆದರೆ ಆ ಕತೆಗಳು ಬೇರೆ.

ವಿಮಾ ಕಚೇರಿಯ ನೆಲಮಾಳಿಗೆಯಲ್ಲಿ ಹಳೇ ಕಡತ ಕಾಯುವ ಗುಮಾಸ್ತನೊಬ್ಬನಿದ್ದ. ಅಲ್ಲಿದ್ದದ್ದು ಒಂದೇ ಬಲ್ಬು. ಅದೂ ಮನಸ್ಸು ಬಂದಾಗ ಮಾತ್ರ ಉರಿಯುತ್ತಿತ್ತು. ಇವನೋ, ತನ್ನ ನೆರಳು ಕಂಡರೂ "ಯಾರದು?" ಎನ್ನುವ ಆಸಾಮಿ. ಕಚೇರಿಯವರೆಲ್ಲ ಅವನನ್ನು ಪುಕ್ಕಲ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಮ್ಯಾನೇಜರು ಅವನನ್ನು ಕರೆದು, ತಾವು ಬರೆದ ಹೊಸ ಪುಸ್ತಕ ಕೈಗಿಟ್ಟರು. ಅದರ ತುಂಬ ದೆವ್ವ, ಬೇರೆ ಲೋಕ, ಬಾಲ ಬೆಳೆದ ನಾಳಿನ ಮನುಷ್ಯರು.

"ಸಂಜೆ ಬಿಡುಗಡೆ. ಪುಸ್ತಕ ಮೆಚ್ಚಿ ನಾಲ್ಕು ಮಾತು ನೀವೇ ಆಡ್ಬೇಕು."

"ನಾನಾ ಸಾರ್? ನಂಗೆ ಭಯ!"

"ಅದಕ್ಕೇ ಕಣ್ರೀ. ಮಿಕ್ಕೋರು ಓದಿ ಆಕಳಿಸ್ತಾರೆ. ಚೆನ್ನಾಗಿ ಮಾತಾಡಿ, ನಾಳೆಯಿಂದ ಮೇಲ್ಗಡೆ ಕಿಟಕಿ ಪಕ್ಕದ ಮೇಜು ನಿಮ್ದೇ."

ಕಿಟಕಿ! ಬಿಸಿಲು! ಮಾತಿಗೆ ಮನುಷ್ಯರು! ಪುಕ್ಕಲ ಕೆಳಗಿಳಿದು, ದೇವರ ಮೇಲೆ ಭಾರ ಹಾಕಿ ಪುಸ್ತಕ ತೆರೆದ. ಮೊದಲ ಸಾಲು ಹೀಗಿತ್ತು: "ನೆಲಮಾಳಿಗೆಯ ಕೊನೆಯ ಕಪಾಟಿನ ಹಿಂದೆ ಯಾರೋ ಉಸಿರಾಡುತ್ತಿದ್ದರು." ಎರಡನೇ ಸಾಲು ಓದುವ ಹೊತ್ತಿಗೆ ಅವನು ಮೇಲಿದ್ದ, ಚಪ್ಪಲಿ ಕೆಳಗಿತ್ತು.

"ದೆವ್ವದ ಕತೇನ ಹಿಂದಿನಿಂದ ಓದ್ಬೇಕು ಕಣೋ," ಎಂದಳು ಟೈಪಿಸ್ಟ್ ಅಕ್ಕ. "ಕೊನೇಲಿ ಏನಾಗತ್ತೆ ಅಂತ ಗೊತ್ತಾದ್ಮೇಲೆ ಎಂಥಾ ಭಯ? ಜನ ಇರೋ ಕಡೆ ಕೂತು ಓದು."

ಪುಕ್ಕಲ ಎದುರಿನ ಕ್ಷೌರದಂಗಡಿಗೆ ಹೋಗಿ, ಗಿರಾಕಿಗಳ ನಡುವೆ ಬೆಂಚಿನಲ್ಲಿ ತೂರಿಕೊಂಡ. ಕೊನೆಯ ಕತೆಗೆ ತಲೆಬರಹವೇ ಇರಲಿಲ್ಲ. ಧೈರ್ಯಕ್ಕಿರಲಿ ಎಂದು ಗಟ್ಟಿಯಾಗಿ ಓದಿದ.

"ಬಾಗಿಲು ಒಮ್ಮೆ ಮುಚ್ಚಿಕೊಂಡರೆ, ಒಳಗಿನದು ನಿಲ್ಲುವವರೆಗೂ ತೆರೆಯುವುದಿಲ್ಲ. ಬಲವಂತ ಮಾಡಬೇಡಿ. ಮಕ್ಕಳನ್ನೂ ಬೆಕ್ಕನ್ನೂ ದೂರವಿಡಿ. ಕೊನೆಯ ಸುತ್ತಿನಲ್ಲಿ ಅದು ನಡುಗುತ್ತಾ ನಿಂತ ಜಾಗ ಬಿಟ್ಟು ಚಲಿಸಬಹುದು."

ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತಿತು. "ಯಾವ್ದು ಸಾರ್ ಚಲಿಸೋದು?"

"ಅದನ್ನ ಹೇಳ್ತಾನೇ ಇಲ್ವಲ್ಲಪ್ಪಾ!"

ಕುರ್ಚಿಯಲ್ಲಿದ್ದ ಗಿರಾಕಿ ಅರ್ಧ ಗಡ್ಡ, ಅರ್ಧ ನೊರೆಯೊಂದಿಗೆ ಬೀದಿಗೆ ಹಾರಿದ. ಅವನ ಹಿಂದೆ ಬೆಂಚು ಖಾಲಿಯಾಯಿತು. "ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮಹಾರಾಯ್ರೇ, ನಡೀರಿ!" ಎಂದು ಕ್ಷೌರಿಕ ಪುಕ್ಕಲನನ್ನೂ ಆಚೆ ದಬ್ಬಿದ.

ಸಂಜೆ ವೇದಿಕೆಯಲ್ಲಿ ಪುಕ್ಕಲ ನಡುಗಿದ, ಮೈಕೂ ಜೊತೆಗೂಡಿ ನಡುಗಿತು. "ಕೊನೇ ಕತೇಲಿ ದೆವ್ವಾನೇ ಇಲ್ಲ. ಬರೀ ಎಚ್ಚರಿಕೆ. ಒಳಗೇನಿದೆ ಅಂತ ಹೇಳಿದ್ದಿದ್ರೆ ನಾವು ಬದುಕ್ಕೊಳ್ತಿದ್ವಿ. ಹೇಳಲ್ಲ!" ಎಂದವನೇ ಆ ಸಾಲುಗಳನ್ನು ಓದಿದ. ಸಭೆ ಉಸಿರು ಬಿಗಿಹಿಡಿಯಿತು.

ಮ್ಯಾನೇಜರು ಗಾಬರಿಯಿಂದ ತಮ್ಮ ಪ್ರತಿಯ ಕೊನೆಯ ಪುಟ ತಿರುವಿದರು. ಅಲ್ಲಿ ಇಂಥ ಕತೆಯೇ ಇಲ್ಲ! ಅಷ್ಟರಲ್ಲಿ ಚಪ್ಪಾಳೆ ಶುರುವಾಗಿ, ಸೂರು ಹಾರುವಂತಾಯಿತು. ಅವರು ಪ್ರತಿಯನ್ನು ಮೆಲ್ಲಗೆ ಕುಂಡಿಯಡಿ ಸೇರಿಸಿ, ಮೈಕಿಗೆ ಬಾಗಿ, "ಅದನ್ನ ಬರೆಯೋವಾಗ ನನಗೂ ಕೈ ನಡುಗಿತ್ತು," ಎಂದರು.

ಸಭೆ ಮುಗಿದದ್ದೇ ತಡ, ಪ್ರೆಸ್ಸಿನ ಯಜಮಾನ ಪುಕ್ಕಲನನ್ನು ಮೂಲೆಗೆ ಎಳೆದ. "ದಮ್ಮಯ್ಯ, ಬಾಯಿ ಬಿಡ್ಬೇಡಿ! ನಿಮ್ಮ ಪ್ರತೀಲಿ ಕೊನೇ ಪುಟಗಳು ಬಟ್ಟೆ ಒಗೆಯೋ ಮಷೀನಿನ ಕೈಪಿಡೀದು. ಎರಡೂ ನಮ್ಮಲ್ಲೇ ಅಚ್ಚಾಗಿದ್ದು, ಪುಸ್ತಕಕ್ಕೆ ಹೊಲಿಗೆ ಹಾಕೋವಾಗ ಕಲೆತುಹೋಗಿದೆ."

ಪುಕ್ಕಲ ಜನ್ಮದಲ್ಲಿ ಮೊದಲ ಬಾರಿ ಹೊಟ್ಟೆ ಹಿಡಿದು ನಕ್ಕ. ಯಾವ ಮಷೀನಾದರೇನು, ಕಿಟಕಿ ಸಿಕ್ಕಿತಲ್ಲ!

ಮ್ಯಾನೇಜರು ಬಂದು ಹೆಗಲ ಮೇಲೆ ಕೈಯಿಟ್ಟರು. "ಎಂಥಾ ಭಯ ಕಣ್ರೀ ನಿಮ್ದು! ಅಪ್ಪಟ ಚಿನ್ನ! ಬಿಸಿಲಿಗಿಟ್ರೆ ಒಣಗಿಹೋಗತ್ತೆ. ನೀವು ಕೆಳಗೇ ಇರಿ, ಆ ಬಲ್ಬೂ ತೆಗೆಸ್ತೀನಿ. ಇನ್ಮೇಲೆ ದಿನಾ ಸಂಜೆ ನಾನೇ ಮೇಣದಬತ್ತಿ ಹಿಡ್ಕೊಂಡು ಬಂದು ಹೊಸ ಕತೆ ಓದ್ತೀನಿ. ನೀವೆಲ್ಲಿ ಕಿರುಚ್ತೀರೋ ಅಲ್ಲಿಗೆ ಕತೆ ಮುಗಿಸ್ತೀನಿ."

ಈಗಲೂ ಸಂಜೆ ಆ ಕಟ್ಟಡದ ಬುಡದಿಂದ ಕಿರುಚಾಟ ಕೇಳುತ್ತದೆ. ನಂಬಿಕೆ ಬರಲಿಲ್ಲವೇ? ಆ ಕೈಪಿಡಿಯ ಪುಟ ನನ್ನ ಜೇಬಿನಲ್ಲೇ ಇದೆ, ಕೇಳಿ: "ಬಾಗಿಲು ಒಮ್ಮೆ ಮುಚ್ಚಿಕೊಂಡರೆ..." ಅರೆ, ಎದ್ದೇಬಿಟ್ರಾ? ಹೋಗಿ, ಹೋಗಿ. ಬಾಗಿಲು ಮಾತ್ರ ಎಳೆದುಕೊಳ್ಳಬೇಡಿ ಸ್ವಾಮೀ, ಒಳಗಿನದು ಇನ್ನೂ...